ಹನ್ನೊಂದನೆಯ ಕಾಲಂ: ಕ್ಯಾವಿಟಿ

ಹೋದ ತಿಂಗಳು ತುರೋರಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹೆದ್ದಾರಿಯ ಬದಿಗೆ ಒಬ್ಬ ತರುಣಿ ಎಂಜಿನಿಯರು, ತಲೆಗೆ ಹಳದಿ ಟೋಪಿ, ಹುಲ್ಲು ಕತ್ತರಿಸುವ ಯಂತ್ರದಂಥ ಒಂದು ಗಾಡಿಯನ್ನು ನೆಲದ ಮೇಲೆ ನಿಧಾನವಾಗಿ ತಳ್ಳುತ್ತಿದ್ದಳು. ಗಾಡಿಯ ಹಿಡಿಕೆಗೆ ಒಂದು ಪರದೆ, ಪರದೆಯ ತುಂಬ ನೆಲದೊಳಗಿನದನ್ನು ತೋರಿಸುವ ಗೆರೆಗಳು. ಒಂದು ಕಡೆ ಆ ಗೆರೆಗಳು ಕಮಾನಿನಂತೆ ಬಾಗಿದವು. ಆಕೆ ನಿಂತಳು. ನಾನು ಬಸ್ಸನ್ನು ಮರೆತು ಹತ್ತಿರ ಹೋದೆ.

“ಏನ್ ಬಂತವಾ?”

“ಕ್ಯಾವಿಟಿ ಇರಬೇಕ್ರಿ ಅಂಕಲ್.”

“ಎಂಥಾ ಕ್ಯಾವಿಟಿ?”

“ಎಂಥಾದ್ದಂದ್ರ? ಕ್ಯಾವಿಟಿ ಅಂದ್ರ ಕ್ಯಾವಿಟಿ. ಫಾರ್ಮಿನ್ಯಾಗ ಹನ್ನೊಂದನೇ ಕಾಲಂ ಅದಲ್ರೀ, ಹೌದು ಇಲ್ಲ ಅಂತ ಒತ್ತಿದ್ರ ಮುಗೀತು.”

ಹನ್ನೊಂದನೆಯ ಕಾಲಂ! ಕಾಗದ ಹೋಗಿ ಮೊಬೈಲು ಬಂದಿದೆ, ಹಾರೆ ಹೋಗಿ ಗಾಡಿ ಬಂದಿದೆ, ಆ ಕಾಲಂ ಮಾತ್ರ ತನ್ನ ಜಾಗ ಬಿಟ್ಟಿಲ್ಲ. ನನಗೆ ಜೋರಾಗಿ ನಗು ಬಂತು. ಯಾಕೆ ನಗುತ್ತೀರಿ ಎಂದು ಆಕೆ ಕೇಳುವಷ್ಟರಲ್ಲಿ ನನ್ನ ಬಸ್ಸು ಬಂದುಬಿಟ್ಟಿತು. ಅವಳಿಗೂ ಅವಳ ಹಾಗೆ ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೂ ಉತ್ತರ ಬರೆದಿಡೋಣ ಎಂದು ಕೂತಿದ್ದೇನೆ.

ನಾನು ಮರಾಠಿ ಸೀಮೆಯ ಗಡಿಯ ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಮೂವತ್ತೊಂದು ವರ್ಷ ಸರ್ಕಾರಿ ಕಟ್ಟಡಗಳ ಓವರ್‌ಸಿಯರ್ ಆಗಿದ್ದೆ. ಯಾವ ಹುದ್ದೆಯಿಂದ ಯಾವ ಹುದ್ದೆಗೆ ಹೋದೆ ಎಂಬುದು ಪಿಂಚಣಿ ಕಾಗದದಲ್ಲಿದೆ, ಇಲ್ಲಿ ಬೇಡ. ಶಾಲೆಯ ಕೋಣೆ, ದವಾಖಾನೆ, ಚಾವಡಿ, ಏನೇ ಕಟ್ಟುವುದಿದ್ದರೂ ಮೊದಲು ಜಾಗ ನೋಡಿ ಫಾರ್ಮು ತುಂಬುವುದು ನನ್ನ ಕೆಲಸ. ಮಣ್ಣು ಯಾವುದು, ನೀರು ಎಷ್ಟು ಆಳಕ್ಕೆ, ಹತ್ತಿರ ಹಳ್ಳ ಇದೆಯೇ, ಹೀಗೆ ಹದಿನಾಲ್ಕು ಕಾಲಂ. ಹನ್ನೊಂದನೆಯದು ಕ್ಯಾವಿಟಿ, ಅಂದರೆ ನೆಲದ ಕೆಳಗೆ ಎಲ್ಲಿಯಾದರೂ ಪೊಳ್ಳು ಇದೆಯೇ ಎಂಬುದು. ನಾನು ಸಾವಿರಾರು ಫಾರ್ಮು ತುಂಬಿರಬೇಕು. ಅವುಗಳಲ್ಲಿ ಒಂದರ ಹನ್ನೊಂದನೆಯ ಕಾಲಮಿನಲ್ಲಿ ಸುಳ್ಳು ತುಂಬಿದ್ದೆ. ಅದರ ಮೇಲೆ ಮಕ್ಕಳು ಕೂಡುವ ಕೋಣೆ ಎದ್ದಿತು.  ಆದ್ದರಿಂದ ನಿಧಾನವಾಗಿ, ಕಂಡದ್ದನ್ನಷ್ಟೇ ಬರೆಯುತ್ತೇನೆ.

ಮೊದಲು ಹುಸೇನಸಾಬನ ವಿಷಯ. ಅವನು ನಮ್ಮ ಆಫೀಸಿನ ಕಾಯಂ ಕೂಲಿ. ಓದು ಬರಹ ಇರಲಿಲ್ಲ, ಕಿವಿ ಇತ್ತು. ಅವನ ಹತ್ತಿರ ಎದೆಮಟ್ಟದ ಒಂದು ಕಬ್ಬಿಣದ ಹಾರೆ. ಜಾಗದಲ್ಲಿ ಎರಡೆರಡು ಹೆಜ್ಜೆಗೆ ಒಂದರಂತೆ ಚೌಕಾಕಾರವಾಗಿ ಮೂವತ್ತಾರು ಏಟು ಹಾಕುತ್ತಿದ್ದ. ಪ್ರತಿ ಏಟಿಗೂ ತಲೆ ಓರೆ ಮಾಡಿ ಕೇಳುತ್ತಿದ್ದ. ಗಟ್ಟಿ ನೆಲವಾದರೆ ಸದ್ದು ಅಲ್ಲೇ ಸಾಯುತ್ತದೆ. ಪೊಳ್ಳಾದರೆ ಒಂದು ಕ್ಷಣ ತಡೆದು, ದೂರದಿಂದ ಯಾರೋ ಓಗೊಟ್ಟ ಹಾಗೆ ಮೇಲೆ ಬರುತ್ತದೆ. ಮೊದಲ ವಾರ ನನಗೆ ಎರಡೂ ಒಂದೇ ಕೇಳಿಸುತ್ತಿದ್ದವು.

“ಸಾಹೇಬ್ರ, ನೀವು ಕಣ್ಣು ತಗದು ಕೇಳ್ಲತೀರಿ,” ಅಂದ ಅವನು. “ಕಣ್ಣು ಮುಚ್ಚಿ ಕೇಳ್ರಿ. ನೆಲ ಬೋಲ್ತದ.”

ಕಣ್ಣು ಮುಚ್ಚಿ ಕೇಳಿದೆ. ಆಗ ಹಾರೆ ನನ್ನ ಕಾಲ ಹೆಬ್ಬೆರಳಿನಿಂದ ಎಷ್ಟು ದೂರ ಬೀಳುತ್ತಿದೆ ಎಂಬ ಚಿಂತೆಯೇ ಕೇಳಿಸಿತು. ಕಿವಿ ಹದಕ್ಕೆ ಬರಲು ಒಂದು ವರ್ಷ ಹಿಡಿಯಿತು.

ಹುಸೇನಸಾಬ ನೆಲದ ಮಾತು ಕಲಿಸಿದರೆ, ಇಂಗ್ಲಿಷ್ ಮಾತು ಕಲಿಸಿದವರು ನಮ್ಮ ಡೆಪ್ಯುಟಿ ಎಂಜಿನಿಯರ್ ಸಾಹೇಬರು. ಎತ್ತರದ, ಕೃಶ ಶರೀರದ ಮನುಷ್ಯ. ಮೇಜಿನ ಮೇಲೆ ದಪ್ಪ ಡಿಕ್ಷನರಿ, ಜೇಬಿನಲ್ಲಿ ಕೆಂಪು ಪೆನ್ನು. ನನ್ನ ಮೊದಲ ಹತ್ತು ಫಾರ್ಮುಗಳು ಅವರ ಮೇಜಿಗೆ ಹೋದಾಗ ಎಲ್ಲವನ್ನೂ ಒಟ್ಟಿಗೆ ವಾಪಸು ಕಳಿಸಿದರು. ಹಾಳುಬಾವಿ, ಇಲಿ ತೋಡಿದ ಬಿಲ, ಮನೆಯ ಕೆಳಗಿನ ಉಗ್ರಾಣ, ಎಲ್ಲದಕ್ಕೂ ನಾನು ಕ್ಯಾವಿಟಿ ಎಂದೇ ಬರೆದಿದ್ದೆ. ಒಳಗೆ ಕರೆದು ಎದುರಿಗೆ ಕೂಡಿಸಿಕೊಂಡು ಮರಾಠಿಯಲ್ಲಿ ಪಾಠ ಹೇಳಿದರು. ತಾನಾಗಿ ಆದದ್ದು, ಮನುಷ್ಯ ನಡೆದು ಒಳಗೆ ಹೋಗುವಂಥದ್ದು ಕೇವ್. ಅದೇ ದೊಡ್ಡದಾಗಿ, ಕಂದೀಲಿನ ಬೆಳಕು ಆಚೆ ಗೋಡೆಗೆ ಮುಟ್ಟದಿದ್ದರೆ ಕ್ಯಾವರ್ನ್. ಮೇಲೆ ಕಮಾನು ಕಟ್ಟಿದ್ದರೆ ವಾಲ್ಟ್. ಮನೆಯ ಕೆಳಗೆ ಸಾಮಾನು ಇಡುವುದು ಸೆಲ್ಲರ್. ಬಾಯಿ ತೆರೆದು ಬಿದ್ದದ್ದು ಪಿಟ್.

“ಹಾಗಾದರೆ ಕ್ಯಾವಿಟಿ ಯಾವುದು ಸರ್?” ಎಂದೆ.

“ಇದೆ ಎಂದು ಗೊತ್ತು, ಏನೆಂದು ಗೊತ್ತಿಲ್ಲ. ಅದು ಕ್ಯಾವಿಟಿ,” ಎಂದರು ಸಾಹೇಬರು. “ಏನೆಂದು ಗೊತ್ತಾದ ದಿನ ಅದಕ್ಕೆ ಬೇರೆ ಹೆಸರು ಇರುತ್ತದೆ. ಗೊತ್ತು ಮಾಡಿಕೊಳ್ಳುವುದಕ್ಕೇ ಸರ್ಕಾರ ನಿಮ್ಮನ್ನು ಇಟ್ಟಿದೆ.”

ಇದು ಡಿಕ್ಷನರಿಯ ಅರ್ಥವೋ ಸಾಹೇಬರದೇ ಅರ್ಥವೋ ನಾನು ತೆಗೆದು ನೋಡಲಿಲ್ಲ. ಮೂವತ್ತೊಂದು ವರ್ಷ ನನ್ನ ಕೆಲಸ ನಡೆದದ್ದು ಈ ಅರ್ಥದ ಮೇಲೆಯೇ.

ಗೊತ್ತು ಮಾಡಿಕೊಳ್ಳುವುದು ಸುಲಭವಲ್ಲ ಎಂಬುದನ್ನು ಕಲಿತದ್ದು ಉದಗೀರದಲ್ಲಿ. ಅಲ್ಲಿ ಹಳೆಯ ಪೇಟೆಯ ರಸ್ತೆಗೆ ಹೊಸ ಗಟಾರ ಬರುವುದಿತ್ತು. ಪೇಟೆಯ ಹಳೆ ಅಂಗಡಿಗಳ ಕೆಳಗೆ ನೆಲಮಾಳಿಗೆ ಇರುವುದು ಊರಿಗೇ ಗೊತ್ತು, ಕೇಳಿದರೆ ಮಾತ್ರ ಒಬ್ಬನೂ ಒಪ್ಪುವುದಿಲ್ಲ. ಒಬ್ಬ ಕಿರಾಣಿ ವ್ಯಾಪಾರಿ, ಹಣೆ ತುಂಬ ವಿಭೂತಿ, ಬಹಳ ಸಭ್ಯ ಮನುಷ್ಯ, ನನ್ನನ್ನು ಗಾದಿಯ ಮೇಲೆ ಕೂಡಿಸಿ ಚಹ ತರಿಸಿದ.

“ತಳಘರ ಏನರೆ ಅದನ್ರಿ ಸೇಠಜಿ?”

“ಶಿವ ಶಿವಾ! ನಮ್ಮದು ಸಣ್ಣ ದುಕಾನ ಸಾಹೇಬ್ರ. ತಳಘರ ಎಲ್ಲಿಂದ ತರೂಣು?”

ಆಗ ಗಾದಿಯ ಕೆಳಗಿನಿಂದ ಯಾರೋ ಸೀನಿದರು. ಒಂದಲ್ಲ, ಮೂರು ಸಲ.

ವ್ಯಾಪಾರಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. “ಬೆಕ್ಕು ಇರಬೇಕ್ರಿ,” ಅಂದ.

ನೆಲದೊಳಗಿನ ಬೆಕ್ಕು ಮಾತಾಡಿತು: “ಸೇಠಜೀ, ಮೆಣಸಿನಕಾಯಿ ಚೀಲ ಒಡದದ್ರೀ! ಲಗು ನಿಚ್ಚಣಕಿ ಬಿಡ್ರಿ, ಜೀಂವ ಹೋಗ್ಲತದ!”

ಗಾದಿ ಎತ್ತಿ, ಹಲಗೆ ಸರಿಸಿ, ನಿಚ್ಚಣಿಗೆ ಬಿಟ್ಟೆವು. ಕಣ್ಣು ಮೂಗು ಎಲ್ಲ ಸುರಿಸುತ್ತ ಗುಮಾಸ್ತ ಮೇಲೆ ಬಂದ. ವ್ಯಾಪಾರಿ ನನ್ನ ಚಹಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ, “ಇಷ್ಟು ಸಣ್ಣದಕ್ಕ ನಾವು ತಳಘರ ಅನ್ನಂಗಿಲ್ರಿ,” ಅಂದ. ಒಳಗೆ ಇಳಿದು ಅಳೆದೆ. ಮೇಲಿನ ಅಂಗಡಿಗಿಂತ ಎರಡು ಮೊಳ ಉದ್ದವಿತ್ತು. ಫಾರ್ಮಿನಲ್ಲಿ ಸೆಲ್ಲರ್ ಎಂದು ಬರೆದೆ. ಸಾಹೇಬರು ಕೆಂಪು ಪೆನ್ನು ತೆಗೆಯಲಿಲ್ಲ.

ಅಂದು ನಾನು ಕಲಿಯಬೇಕಾದದ್ದು ಏನು? ನಮ್ಮ ಸೀಮೆಯ ಜನ ನೆಲದ ಕೆಳಗಿನದನ್ನು ಇನ್ನೊಬ್ಬರ ಮುಂದೆ ಹೇಳುವುದಿಲ್ಲ. ಸುಳ್ಳುಬುರುಕರೆಂದಲ್ಲ. ನಿಜಾಮನ ಕಾಲದಲ್ಲಿ ಲೆವಿಗೆ, ಅಂದರೆ ಸರ್ಕಾರಿ ಧಾನ್ಯ ವಸೂಲಿಗೆ, ಬರುತ್ತಿದ್ದವರು ಮೊದಲು ಕೇಳುತ್ತಿದ್ದದ್ದೇ ಇದನ್ನು: ಜೋಳ ಎಲ್ಲಿಟ್ಟಿದ್ದೀರಿ? ಇಲ್ಲ ಎನ್ನುವುದು ಆಗ ಹೊಟ್ಟೆಯ ಪ್ರಶ್ನೆ. ಲೆವಿ ಹೋಯಿತು, ನಿಜಾಮ ಹೋದ, ಉತ್ತರ ಮಾತ್ರ ಉಳಿಯಿತು. ನಾನು ಆ ದಿನ ಸೀನಿನ ಕಥೆಯನ್ನು ಆಫೀಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ, ಪಾಠವನ್ನು ಉದಗೀರದಲ್ಲೇ ಬಿಟ್ಟು ಬಂದೆ.

ನೌಕರಿಯ ಹನ್ನೆರಡನೆಯ ವರ್ಷ. ಗುಂಜೋಟಿಯ ಹತ್ತಿರದ ಒಂದು ವಾಡಿಗೆ, ಅಂದರೆ ಸಣ್ಣ ಹಳ್ಳಿಗೆ, ಶಾಲೆಯ ಕೋಣೆ ಮಂಜೂರಾಯಿತು. ವಾಡಿಯ ಹೆಸರು ಬೇಡ. ಶಿವಶರಣಪ್ಪ ಎಂಬ ರೈತ, ತಲೆತಲಾಂತರದಿಂದ ಅಲ್ಲೇ ಬೇರೂರಿದ ಮನೆಯವನು, ತನ್ನ ದನದ ಅಂಗಳಕ್ಕೆ ಹೊಂದಿಕೊಂಡ ಜಾಗವನ್ನು ಶಾಲೆಗೆ ದಾನ ಕೊಟ್ಟಿದ್ದ. ಯುಗಾದಿ ಮುಗಿದ ವಾರ ಜಾಗ ನೋಡಲು ಹೋದೆ. ಹುಸೇನಸಾಬ ಮಗಳ ಮದುವೆಗೆಂದು ರಜೆ ಹಾಕಿದ್ದ. ಹಾರೆಯನ್ನು ನನ್ನ ಕೈಗೆ ಕೊಟ್ಟು, “ಮೂವತ್ತಾರು ಹೊಡೀರಿ ಸಾಹೇಬ್ರ, ಒಂದೂ ಕಮ್ಮಿ ಮಾಡಬ್ಯಾಡ್ರಿ,” ಅಂದಿದ್ದ.

ನಾನು ಒಂಬತ್ತು ಹೊಡೆದೆ.

ಕಾರಣ ಹೇಳಬೇಕು. ಮಧ್ಯಾಹ್ನದ ಹನ್ನೆರಡೂವರೆ, ಬಿಸಿಲು. ಸರಪಂಚರ ಮನೆಯಲ್ಲಿ ಶೇಂಗಾ ಹೋಳಿಗೆ ಕಾದಿತ್ತು. ಅದರ ವಾಸನೆ ಅಂಗಳದವರೆಗೆ ಬರುತ್ತಿತ್ತು. ಒಂಬತ್ತೂ ಏಟು ಗಟ್ಟಿಯಾಗಿಯೇ ಕೇಳಿಸಿದವು. ಸುತ್ತ ಹನ್ನೆರಡು ಜನ ಗಂಡಸರು ನಿಂತು ನೋಡುತ್ತಿದ್ದರು. ಉಳಿದದ್ದನ್ನು ಬಾಯಿಂದ ಕೇಳಿಬಿಡೋಣ ಎಂದುಕೊಂಡೆ. ಜೋಳ ತುಂಬಲು ನೆಲದಲ್ಲಿ ತೋಡುವ ಹಗೇವನ್ನು ನಮ್ಮ ಕಡೆ ಪೇವ ಎನ್ನುತ್ತಾರೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಒಳಗೆ ಹೂಜಿಯ ಹಾಗೆ ಹೊಟ್ಟೆ.

“ಶಿವಶರಣಪ್ಪನವರ, ಈ ಜಾಗದಾಗ ಹಳೇ ಪೇವ ಏನರೆ ಅದನ್ರಿ?”

“ಛೇ ಛೇ, ಇಲ್ರಿ ಸಾಹೇಬ್ರ. ನಮ್ಮ ಮನ್ಯಾಗ ಪೇವ ಎಲ್ಲಿಂದ ಬರಬೇಕು? ತಿನ್ಲಾಕೇ ಸಾಲ್ತಿದ್ದಿಲ್ಲ.”

ಸರಪಂಚರು ಹಲ್ಲು ಕಿರಿದರು. “ತಿನ್ಲಾಕ ಸಾಲ್ತಿದ್ದಿಲ್ಲಂತ ಕೇಳ್ರಪಾ! ಇವನ ಮುತ್ಯಾ ಜ್ವಾಳ ಅಳೀಲಾಕೇ ಇಬ್ಬರು ಆಳು ಇಟ್ಟಿದ್ದ.”

ಎಲ್ಲರೂ ನಕ್ಕರು. ಶಿವಶರಣಪ್ಪ ನಕ್ಕ. ನಾನೂ ನಕ್ಕೆ. ಇಬ್ಬರು ಆಳು ಅಳೆಯುವಷ್ಟು ಜೋಳವನ್ನು ಆ ಅಜ್ಜ ಎಲ್ಲಿಟ್ಟಿದ್ದ ಎಂದು ಕೇಳಬೇಕಾದವನು ನಾನೊಬ್ಬನೇ. ನಗುತ್ತಲೇ ಹನ್ನೊಂದನೆಯ ಕಾಲಮಿನಲ್ಲಿ ‘ನಿಲ್’ ಎಂದು ಬರೆದು ಸಹಿ ಹಾಕಿದೆ. ಹೋಳಿಗೆ ಮೂರು ತಿಂದೆ.

ಕೋಣೆ ಬೇಗ ಎದ್ದಿತು. ಮೂರಡಿ ಬುನಾದಿ, ಕಲ್ಲಿನ ಗೋಡೆ, ತಗಡಿನ ಮಾಡು. ಜೂನ್ ಮೊದಲ ವಾರಕ್ಕೆ ಸುಣ್ಣವೂ ಆಯಿತು. ಎಂಟು ದಿನ ಬಿಟ್ಟು ಉದ್ಘಾಟನೆ, ಮರುದಿನದಿಂದ ಮೂವತ್ತೆರಡು ಮಕ್ಕಳು ಅಲ್ಲಿ ಕೂಡುವುದು. ಅಷ್ಟರಲ್ಲಿ ನನಗೆ ಹಲ್ಲುನೋವು ಬಂತು.

ನಿಲಂಗಾದಲ್ಲಿ ಆಗ ಒಬ್ಬ ಹಲ್ಲಿನ ಡಾಕ್ಟರಿದ್ದರು, ಮಾತುಗಾರ ಮನುಷ್ಯ. ಉಕ್ಕಿನ ಸಣ್ಣ ಕಡ್ಡಿಯಿಂದ ನನ್ನ ಹಲ್ಲುಗಳನ್ನು ಒಂದೊಂದಾಗಿ ತಟ್ಟುತ್ತ, ತಲೆ ಓರೆ ಮಾಡಿ ಕೇಳುತ್ತ ಹೋದರು. ಥೇಟು ಹುಸೇನಸಾಬ. ಆಮೇಲೆ ಕೇಳಿದರು:

“ಯಾವ ಕಡಿಂದ ಅಗೀತೀರಿ?”

“ಎರಡೂ ಕಡಿಂದ್ರಿ.”

“ಹೌದಾ? ಈ ಬಿಸ್ಕೀಟ ತಿನ್ರಿ, ನೋಡೂಣು.”

ತಿಂದೆ. ಬಿಸ್ಕೀಟು ತಾನಾಗಿ ಬಲಗಡೆಗೆ ಹೋಯಿತು. ಇನ್ನೊಂದು ಕೊಟ್ಟರು. ಅದೂ ಬಲಕ್ಕೇ ಹೋಯಿತು.

“ಎಡಗಡಿ ಕ್ಯಾವಿಟಿ ಅದ,” ಅಂದರು ಡಾಕ್ಟರು. “ವರ್ಷದಿಂದ ಇರಬೇಕು. ನಿಮಗ ಗೊತ್ತಿಲ್ಲ, ನಿಮ್ಮ ಬಾಯಿಗಿ ಗೊತ್ತದ. ಆ ಕಡಿ ಹೋಗೂದೇ ಬಿಟ್ಟದ.”

ಆ ಮಾತು ಕೇಳಿದ ಗಳಿಗೆ ನನ್ನ ಬಾಯಿ ತೆರೆದೇ ಇತ್ತು, ಕಣ್ಣ ಮುಂದೆ ಮಾತ್ರ ವಾಡಿಯ ಅಂಗಳ ಬಂತು. ಅಂಗಳದ ಒಂದು ಮೂಲೆಗೆ, ಶಾಲೆಯ ಜಾಗಕ್ಕೆ ತಾಗಿ, ದೊಡ್ಡ ಬೇವಿನಮರ. ಹನ್ನೆರಡೂವರೆಯ ಬಿಸಿಲಿಗೆ ಅದರ ಕೆಳಗೆ ದಟ್ಟ ನೆರಳು. ಶಿವಶರಣಪ್ಪನ ಎಮ್ಮೆ ಆ ನೆರಳು ಬಿಟ್ಟು ಇಪ್ಪತ್ತು ಹೆಜ್ಜೆ ಆಚೆ ಬಿಸಿಲಲ್ಲಿ ಗೂಟಕ್ಕೆ ನಿಂತು ಏದುಸಿರು ಬಿಡುತ್ತಿತ್ತು. ಎರಡು ಬಂಡಿಗಳೂ ಬಿಸಿಲಲ್ಲೇ ಇದ್ದವು. ಮನೆಯಿಂದ ಬಾವಿಗೆ ಹೋಗುವ ಕಾಲುದಾರಿ ನೇರ ಹೋಗದೆ ಬೇವಿನಮರದ ಹತ್ತಿರ ಬಿಲ್ಲಿನಂತೆ ಬಾಗಿ ಹೋಗಿತ್ತು. ಇದನ್ನೆಲ್ಲ ನಾನು ಅಂದು ಕಣ್ಣಾರೆ ಕಂಡಿದ್ದೆ. ಎಮ್ಮೆಯನ್ನು ನೋಡಿ ಪಾಪ ಎಂದೂ ಅಂದುಕೊಂಡಿದ್ದೆ. ಅಷ್ಟೇ.

ಹಲ್ಲಿಗೆ ತಾತ್ಕಾಲಿಕ ಮದ್ದು ತುಂಬಿಸಿಕೊಂಡು ಅಲ್ಲಿಂದಲೇ ಬಸ್ಸು ಹಿಡಿದೆ. ನಿಲಂಗಾದಿಂದ ಉಮರ್ಗಾ, ಉಮರ್ಗಾದಿಂದ ಗುಂಜೋಟಿ, ಅಲ್ಲಿಂದ ನಡೆದು ವಾಡಿ. ಗಂಡಸರೆಲ್ಲ ಹೊಲದಲ್ಲಿದ್ದರು. ಶಿವಶರಣಪ್ಪನ ತಾಯಿ ನೀಲವ್ವ, ಎಂಬತ್ತರ ಮುದುಕಿ, ಹೊಸ್ತಿಲ ಮೇಲೆ ಕೂತು ಬೇಳೆ ಆರಿಸುತ್ತಿದ್ದಳು. ಎಮ್ಮೆ ಇನ್ನೂ ಬಿಸಿಲಲ್ಲೇ ಇತ್ತು.

“ಆಯಿ, ಎಮ್ಮಿ ಬಿಸಲಾಗ ನಿಂತದಲ್ಲ. ಬೇವಿನ ನೆಳ್ಳಿಗಿ ಯಾಕ ಕಟ್ಟಂಗಿಲ್ಲ?”

“ಅಲ್ಲಿ ಕಟ್ಟಬಾರದಪ್ಪ.”

“ಯಾಕ?”

“ನಮ್ಮತ್ತಿ ಕಟ್ಟಿದ್ದಿಲ್ಲ. ನಾ ಕಟ್ಟಿಲ್ಲ. ನನ್ನ ಸೊಸಿ ಕಟ್ಟಂಗಿಲ್ಲ.”

“ನಿಮ್ಮತ್ತಿ ಯಾಕ ಕಟ್ಟಿದ್ದಿಲ್ಲ?”

ಆಕೆ ಮೊರ ಕೆಳಗಿಟ್ಟಳು. ಆಚೆ ಈಚೆ ನೋಡಿದಳು. “ನೀ ಒಬ್ಬನೇ ಬಂದೀಯೇನು?”

“ಒಬ್ಬನೇ ಆಯಿ.”

“ಪೇವ ಅದ ಅಲ್ಲಿ. ಬಾಯಿ ಬೇವಿನ ಬುಡಕ್ಕ. ಹೊಟ್ಟಿ ಸಾಲಿ ಕಡಿ.”

ಹೊಟ್ಟೆ ಶಾಲೆಯ ಕಡೆ. ಹೊಸ ಸುಣ್ಣದ ಗೋಡೆ ಬೇವಿನ ಬುಡದಿಂದ ನಾಲ್ಕು ಹೆಜ್ಜೆಗಿತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

“ತುಂಬ್ಯಾರೋ, ಖಾಲಿ ಅದನೋ?”

“ಖಾಲಿನೇ. ಮಣ್ಣ ತುಂಬೂಣು ಅಂತಿದ್ರು ನಮ್ಮ ಮನಿಯವರು. ಈ ವರ್ಷ, ಬರೂ ವರ್ಷ ಅಂದ್ಕೋತ ತಾವೇ ಹೋಗಿಬಿಟ್ರು.”

“ಮತ್ತ ಸಾಲಿ ಕಟ್ಟೂವಾಗ ಯಾಕ ಹೇಳ್ಲಿಲ್ಲ ಆಯಿ?”

ಮುದುಕಿಗೆ ಸಿಟ್ಟು ಬಂತು. “ನನಗ ಯಾರು ಕೇಳ್ಯಾರ? ಹನ್ನೆರಡು ಗಂಡಸರ ನಡಬರಕ ನಿಂತು ನೀ ಶರಣ್ಯಾಗ ಕೇಳ್ದಿ. ನಿನ್ನ ಹೆಂಡ್ತಿ ಬಂಗಾರ ಎಲ್ಲಿಟ್ಟಾಳಂತ ನಾ ಬಸ್ ಸ್ಟ್ಯಾಂಡಿನ್ಯಾಗ ಕೇಳಿದ್ರ ಹೇಳ್ತೀಯೇನು? ಶ್ಯಾಣ್ಯಾ ಬಂದ!”

ಸಾಯಂಕಾಲ ಆಫೀಸು ಮುಚ್ಚುವ ಮುಂಚೆ ಉಮರ್ಗಾಕ್ಕೆ ಬಂದು ಡೆಪ್ಯುಟಿ ಸಾಹೇಬರ ಎದುರಿಗೆ ನಿಂತೆ. ಬಸ್ಸಿನಲ್ಲಿ ಬರುವಾಗ ಮೂರು ಬಗೆಯಾಗಿ ಹೇಳಲು ಸಿದ್ಧ ಮಾಡಿಕೊಂಡಿದ್ದೆ. ಒಂದರಲ್ಲಿ ತಪ್ಪು ಶಿವಶರಣಪ್ಪನದು. ಇನ್ನೊಂದರಲ್ಲಿ ಹುಸೇನಸಾಬನ ರಜೆಯದು. ಮೂರನೆಯದರಲ್ಲಿ ಯಾರದೂ ಅಲ್ಲ. ಸಾಹೇಬರು ತಲೆಯೆತ್ತಿ ನೋಡಿದಾಗ ಮೂರೂ ಮರೆತು ಹೋದವು.

“ಸರ್, ಮೂವತ್ತಾರು ಹೊಡೆಯಬೇಕಿತ್ತು. ಒಂಬತ್ತು ಹೊಡೆದೆ. ಕೋಣೆಯ ಕೆಳಗೆ ಹಗೇವು ಇದೆ.”

ಅವರು ಓದುತ್ತಿದ್ದ ಕಾಗದವನ್ನು ಬದಿಗೆ ಸರಿಸಿದರು. 

“ಮಕ್ಕಳು ಕೂಡುವುದು ಯಾವಾಗ?”

“ಎಂಟನೆಯ ದಿನ ಉದ್ಘಾಟನೆ ಸರ್, ಮರುದಿನದಿಂದ ಮಕ್ಕಳು.”

“ಹಾಗಾದರೆ ಬೈಯುವುದಕ್ಕೆ ಒಂಬತ್ತನೆಯ ದಿನ ಸಮಯ ಸಿಗುತ್ತದೆ. ನಾಳೆ ಬೆಳಿಗ್ಗೆ ಜೀಪು ತಯಾರಿರಲಿ.” ಕಪಾಟಿನಿಂದ ನನ್ನ ಫಾರ್ಮು ತೆಗೆಸಿ ನನ್ನ ಕೈಗೇ ಕೊಟ್ಟರು. “ಇದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಪೊಳ್ಳು ತುಂಬಿದ ದಿನ ಹನ್ನೊಂದನೆಯ ಕಾಲಂ ತಿದ್ದಿ ತನ್ನಿ.”

ಮರುದಿನ ಬೆಳಿಗ್ಗೆ ವಾಡಿಯ ಅಂಗಳದಲ್ಲಿ ಊರೇ ನೆರೆದಿತ್ತು. ಹುಸೇನಸಾಬ ಹಾರೆ ಹಿಡಿದು ಬೇವಿನ ಬುಡಕ್ಕೆ ಹೋದ. ನೀಲವ್ವ ಹೊರಸಿನ ಮೇಲೆ ಕೂತು, “ಇನ್ನಾ ಜರಾ ಬಲಕ್ಕ... ಹಾಂ, ಅಲ್ಲೇ,” ಎಂದು ಹುಕುಂ ಕೊಡುತ್ತಿದ್ದಳು. ಹುಸೇನಸಾಬ ಒಂದೇ ಏಟು ಹಾಕಿದ. ನಾನು ಕಣ್ಣು ಮುಚ್ಚಿದ್ದೆ. ಸದ್ದು ಒಂದು ಕ್ಷಣ ತಡೆದು ಮೇಲೆ ಬಂತು.

ಒಂದಡಿ ಮಣ್ಣು ತೆಗೆದಾಗ ಚಪ್ಪಡಿ ಸಿಕ್ಕಿತು. ನಾಲ್ವರು ಸೇರಿ ಅದನ್ನು ಎತ್ತಿದರು. ಹಳೆಯ ಅಂಬಲಿಯಂಥ ಹುಳಿ ವಾಸನೆ ಹೊರಗೆ ಬಂತು. ಹುಸೇನಸಾಬ ಎಲ್ಲರನ್ನೂ ಹಿಂದೆ ಸರಿಸಿ, ಒಂದೊಂದು ಮೊಳಕ್ಕೆ ಗಂಟು ಹಾಕಿದ ಹಗ್ಗಕ್ಕೆ ಉರಿಯುವ ಕಂದೀಲು ಕಟ್ಟಿ ಇಳಿಬಿಟ್ಟ. ಮೊದಲ ಗಂಟಿಗೆ ದೀಪ ಸರಿಯಾಗಿತ್ತು. ಎರಡನೆಯ ಗಂಟಿಗೆ ಜ್ವಾಲೆ ಕೆಂಪಗಾಗಿ ಕುಗ್ಗಿತು. ಮೂರನೆಯ ಗಂಟಿಗೆ ಆರಿತು. ಇದನ್ನು ನಾನು ಎರಡು ಹೆಜ್ಜೆ ದೂರದಿಂದ ನೋಡಿದೆ.

ಶಿವಶರಣಪ್ಪನ ಮುಖ ಬೆಳಗಿನಿಂದ ಕಪ್ಪಿಟ್ಟಿತ್ತು. ಊರಿನ ಮುಂದೆ ಹಾಗೆ ಸುಳ್ಳಿಗೆ ಸಿಕ್ಕುಬಿದ್ದದ್ದು ಅವನ ಜೀವನದಲ್ಲೇ ಮೊದಲು. ಅವನು ಸರಸರ ಮುಂದೆ ಬಂದ.

“ತಪ್ಪು ನಂದದ ಸಾಹೇಬ್ರ. ಹೊಟ್ಟಿ ಗ್ವಾಡಿ ಕೆಳಗ ಎಷ್ಟು ಹೋಗ್ಯದ, ನಾನೇ ಇಳದು ಅಳದು ಹೇಳ್ತೀನಿ.”

ಯಾರಾದರೂ ಏನಾದರೂ ಅನ್ನುವಷ್ಟರಲ್ಲಿ ಅವನು ಬಾಯಿಯ ಅಂಚಿಗೆ ಕೂತು ಎರಡೂ ಕಾಲು ಒಳಗೆ ಬಿಟ್ಟಾಗಿತ್ತು.  ಹುಸೇನಸಾಬ ಒಂದು ಕೈಯಲ್ಲಿ ಹಗ್ಗ ಹಿಡಿದಿದ್ದ, ಇನ್ನೊಂದರಿಂದ ಅವನ ಧೋತರದ ಕಚ್ಚೆ ಹಿಡಿದ.

“ಅಪ್ಪಾರ, ದೀಪ ಸತ್ತದ.”

“ಎಣ್ಣಿ ತೀರಿರಬೇಕು, ಬಿಡೋ.”

“ಬಿಡಂಗಿಲ್ಲ.”

ಇವನು ಒಳಗೆ ಜಗ್ಗಿದ, ಅವನು ಹೊರಗೆ ಜಗ್ಗಿದ. ಜೀಪಿನ ಡ್ರೈವರು ಓಡಿ ಹೋಗಿ ಶಿವಶರಣಪ್ಪನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದ. ಆಸಾಮಿ ಹೊರಗೆ ಬಂದ, ಧೋತರ ಹುಸೇನಸಾಬನ ಕೈಯಲ್ಲೇ ಉಳಿಯಿತು. ಪಟ್ಟಾಪಟ್ಟಿ ಚಡ್ಡಿಯಲ್ಲಿ ಊರಿನ ದೊಡ್ಡ ರೈತ ಓಡಿ ತಾಯಿಯ ಹೊರಸಿನ ಹಿಂದೆ ನಿಂತ. “ಶರಣ್ಯಾ, ಸಣ್ಣಾಂವ ಇದ್ದಾಗೂ ಹಿಂಗೇ ನಿಂದರ್ತಿದ್ದಿ!” ಎಂದಳು ನೀಲವ್ವ. ಅಂಗಳದ ತುಂಬ ನಗೆ ಎದ್ದಿತು. ಗಂಭೀರ ಮುಖದ ಡೆಪ್ಯುಟಿ ಸಾಹೇಬರೂ ಕರವಸ್ತ್ರ ಬಾಯಿಗೆ ಹಿಡಿದುಕೊಂಡರು.

ಹುಸೇನಸಾಬ ಮಾತ್ರ ನಗಲಿಲ್ಲ. ಕಂದೀಲು ಮೇಲೆ ಎಳೆದು, ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಎಣ್ಣೆ ಕುಲುಕಿತು. ಕಡ್ಡಿ ಗೀರಿ ಹಚ್ಚಿದ. ದೀಪ ಚೆನ್ನಾಗಿ ಉರಿಯಿತು.

“ಎಣ್ಣಿ ಅದ ಅಪ್ಪಾರ,” ಅಂದ. “ಒಳಗ ಗಾಳಿ ಇಲ್ಲ.”

ನಗೆ ನಿಂತುಹೋಯಿತು. ಶಿವಶರಣಪ್ಪ ಅಂಚಿಗೆ ಕೂತದ್ದರಿಂದ ಹೊರಗೆ ಬಂದದ್ದರವರೆಗೆ ಇಪ್ಪತ್ತು ಎಣಿಸುವಷ್ಟೂ ಹೊತ್ತಾಗಿರಲಿಕ್ಕಿಲ್ಲ.   ಅಲ್ಲಿಯವರೆಗೆ ಮೂವತ್ತೆರಡು ಮಕ್ಕಳ ಲೆಕ್ಕವಷ್ಟೇ ನನ್ನ ತಲೆಯಲ್ಲಿತ್ತು. ನನ್ನ ಇಪ್ಪತ್ತೇಳು ಏಟಿನ ಸೋಮಾರಿತನ ಮೊದಲು ಒಯ್ಯಲಿದ್ದದ್ದು ಜಾಗ ದಾನ ಕೊಟ್ಟವನನ್ನೇ.

ಆಮೇಲಿನ ಕೆಲಸ ವಾಡಿಯೇ ಮಾಡಿತು. ಬಾಯಿಯನ್ನು ದೊಡ್ಡದಾಗಿ ಅಗೆದು ಎರಡು ದಿನ ಗಾಳಿಗೆ ಬಿಟ್ಟೆವು. ಕಂದೀಲು ತಳದವರೆಗೆ ಉರಿದ ಮೇಲೆ ಹುಸೇನಸಾಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಹೊಟ್ಟೆ ಗೋಡೆ ದಾಟಿ ಕೋಣೆಯ ಕೆಳಗೆ ಮೂರಡಿ ಹೋಗಿತ್ತು. ಕರಿ ಹಲಗೆ ತೂಗುಹಾಕುವ ಮೂಲೆ ಅದು, ಚಿಕ್ಕ ಮಕ್ಕಳು ಮುಂದೆ ಕೂಡುವ ಜಾಗ. ಹದಿನೇಳು ಬಂಡಿ ಮುರುಮು ಎಂಬ ಗರಸು ಮಣ್ಣು ಬಂತು, ಮೊದಲ ಬಂಡಿ ಶಿವಶರಣಪ್ಪನದು. ಗೇಣು ಗೇಣಿಗೆ ನೀರು ಹೊಡೆದು ದಿಮ್ಮಸಿನಿಂದ ಬಡಿದೆವು. ಗೋಡೆಯ ಕೆಳಗಿನ ಸಂದಿಗೆ ಕಲ್ಲು ಕೊಟ್ಟು, ನೀರಿನ ಜೊತೆ ಮರಳು ಬಿಟ್ಟು ತುಂಬಿದೆವು. ಕೊನೆಗೆ ನಾನೇ ಹಾರೆ ಹಿಡಿದೆ. ಹೊರಗೆ ಮೂವತ್ತಾರು, ಕೋಣೆಯೊಳಗೆ ಮೂವತ್ತಾರು. ಹುಸೇನಸಾಬ ಬೆರಳು ಮಡಚುತ್ತ ಎಣಿಸಿದ.

ಉದ್ಘಾಟನೆಯ ದಿನ ಬಂದ ಮುಖ್ಯ ಅತಿಥಿಗಳಿಗೆ ಇದೇನೂ ಗೊತ್ತಿರಲಿಲ್ಲ. ಅವರು ಭಾಷಣ ಮಾಡುತ್ತಿದ್ದಾಗ ನಾನು ಅಂಗಳದಲ್ಲಿದ್ದೆ, ಜೇಬಿನಲ್ಲಿ ಫಾರ್ಮು. ತಿದ್ದಲು ಪೆನ್ನು ತೆಗೆದಿದ್ದೆ, ಕೈ ಬರುತ್ತಿರಲಿಲ್ಲ. ಎಪ್ಪತ್ತೆರಡು ಏಟು ಹಾಕಿದ ಮೇಲೂ ಬರುತ್ತಿರಲಿಲ್ಲ. ಆಗ ನೀಲವ್ವ ಎಮ್ಮೆಯ ಹಗ್ಗ ಹಿಡಿದು ಬಿಸಿಲಿನಿಂದ ಬೇವಿನ ಕಡೆಗೆ ಬಂದಳು. ಕಾಲುದಾರಿ ಬಾಗುವ ಜಾಗಕ್ಕೆ ಬಂದದ್ದೇ ಎಮ್ಮೆ ನಿಂತು ನಾಲ್ಕೂ ಕಾಲು ಊರಿತು. ಮುದುಕಿ ಎಳೆದಳು. ಅದು ಅಲ್ಲಾಡಲಿಲ್ಲ.

“ಬಾ, ನಮ್ಮವ್ವಾ. ಸಾಹೇಬ ಸಹಿ ಮಾಡ್ಯಾನ, ಬಾ.”

ಎಮ್ಮೆ ನನ್ನ ಕಡೆ ನೋಡಿತು. ಸಹಿಯ ಮೇಲೆ ಅದಕ್ಕೆ ವಿಶ್ವಾಸವಿದ್ದ ಹಾಗೆ ಕಾಣಲಿಲ್ಲ.

“ನೀ ಮೊದ್ಲ ನಿಂದರು,” ಎಂದಳು ನೀಲವ್ವ ನನಗೆ.

ಹೋಗಿ ನಿಂತೆ. ತುಂಬಿದ ಜಾಗದ ನಟ್ಟನಡುವೆ, ಬೂಟು ಹಾಕಿಕೊಂಡು. “ಕುಣಿ,” ಎಂದಳು. ಒಳಗೆ ಭಾಷಣಕ್ಕೆ ಚಪ್ಪಾಳೆ ಬೀಳುತ್ತಿತ್ತು. ನಾನು ಹೊರಗೆ ಬೇವಿನ ಕೆಳಗೆ ಒಂದು, ಎರಡು, ಮೂರು ಸಲ ಕುಪ್ಪಳಿಸಿದೆ. ಹಲ್ಲು ಜುಂ ಅಂದಿತು. ನೆಲ ಏನೂ ಅನ್ನಲಿಲ್ಲ.

ಎಮ್ಮೆ ಮೂಗು ಚಾಚಿ ಮೂಸಿತು. ಒಂದು ಕಾಲು ಇಟ್ಟಿತು. ನಿಂತಿತು. ಇನ್ನೊಂದು ಇಟ್ಟಿತು. ನೆರಳಿನ ನಡುವೆ ಬಂದು, ಒಂದು ಸುತ್ತು ಹಾಕಿ, ದೊಡ್ಡದೊಂದು ಉಸಿರು ಬಿಟ್ಟು ಮಲಗಿತು. ನೀಲವ್ವ ಹಗ್ಗವನ್ನು ಅದರ ಬೆನ್ನ ಮೇಲೆ ಒಗೆದು ಒಳಗೆ ಹೋದಳು.

ಆಗ ಅಲ್ಲೇ, ಕೋಣೆಯ ಗೋಡೆಗೆ ಫಾರ್ಮು ಒತ್ತಿ ಹಿಡಿದು, ‘ನಿಲ್’ ಹೊಡೆದುಹಾಕಿ ಬರೆದೆ: “ಪೇವ. ಒಂದು. ಮುರುಮಿನಿಂದ ತುಂಬಲಾಗಿದೆ. ಮೇಲೆ ಎಮ್ಮೆ ಮಲಗಿದೆ.”

ಮರುದಿನ, ಅಂದರೆ ಒಂಬತ್ತನೆಯ ದಿನ, ಸಾಹೇಬರ ಎದುರಿಗೆ ನಿಂತೆ. ಅವರು ಓದಿದರು. ಕೊನೆಯ ವಾಕ್ಯಕ್ಕೆ ಕೆಂಪು ಪೆನ್ನು ತೆಗೆದರು. ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದು, ಅದರ ಟೋಪಿ ಮುಚ್ಚಿ ಜೇಬಿಗಿಟ್ಟುಕೊಂಡರು. ಆಮೇಲೆ ಬೈಯಲು ಶುರುಮಾಡಿದರು.